‘ನಮಗ್ಯಾಕೆ ರಾಜಕೀಯ’ ಎನ್ನುವ ವಿಜ್ಞಾನ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣಿನಡಿ ಹೋದವು. ಇನ್ನೂ ಹೆಣ ಹುಡುಕುತ್ತಿದ್ದ ಹೊತ್ತಿನಲ್ಲೇ, ಆಗಸ್ಟ್ 1ರಂದು, ಕೇರಳ ಸರ್ಕಾರದ ವಿಪತ್ತು ನಿರ್ವಹಣಾ ವಿಭಾಗ ಒಂದು ಆದೇಶ ಹೊರಡಿಸಿತು. ರಾಜ್ಯದ ವಿಜ್ಞಾನ ಸಂಸ್ಥೆಗಳವರು ಮೇಪ್ಪಾಡಿಯ ಕಡೆ ತಲೆ ಹಾಕಬಾರದು, ಪತ್ರಿಕೆಯವರ ಮುಂದೆ ಅಭಿಪ್ರಾಯ ಹೇಳಬಾರದು, ಅಧ್ಯಯನ ವರದಿ ಹಂಚಬಾರದು. ಕೂಗೆದ್ದ ಮೇಲೆ ಅದೇ ದಿನ ಆದೇಶ ವಾಪಸಾಯಿತು. ಅದಕ್ಕೂ ಒಂದೂವರೆ ವರ್ಷ ಮೊದಲು, 2023ರ ಜನವರಿಯಲ್ಲಿ, ಜೋಶಿಮಠದ ನೆಲ ಹನ್ನೆರಡು ದಿನದಲ್ಲಿ 5.4 ಸೆಂಟಿಮೀಟರ್ ಕುಸಿದಿದೆ ಎಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದಾಗ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಿದ್ದೂ ಇದನ್ನೇ. ಇಸ್ರೋ ಸೇರಿ ಹಲವು ಸಂಸ್ಥೆಗಳಿಗೆ ಮಾಧ್ಯಮದ ಮುಂದೆ ಮಾತಾಡಬೇಡಿ ಎಂದು ಪತ್ರ ಹೋಯಿತು. ಒಂದು ಕಡೆ ಎಡ ಸರ್ಕಾರ, ಇನ್ನೊಂದು ಕಡೆ ಬಲ ಸರ್ಕಾರ. ಬೇರೆ ಯಾವುದಕ್ಕೂ ಹೊಂದದ ಇವರಿಬ್ಬರಿಗೆ ವಿಜ್ಞಾನಿಯ ಬಾಯಿಗೆ ಬೀಗ ಜಡಿಯುವಾಗ ಎಂಥ ಒಮ್ಮತ!

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇಂಥ ಆದೇಶ ಬರೆಯುವ ಶ್ರಮ ಯಾವ ಅಧಿಕಾರಿಗೂ ಬಂದಿಲ್ಲ. ಬಾಬಾಬುಡನ್‌ಗಿರಿಯ ಸಾಲಿನಿಂದ ಹಿಡಿದು ಮೂಡಿಗೆರೆ, ಕಳಸದ ತನಕ ಈ ಗುಡ್ಡಗಳನ್ನು ಅಳೆದವರು, ಇಲ್ಲಿನ ಹಕ್ಕಿ, ಕಪ್ಪೆ, ಆನೆ, ಹುಲ್ಲು, ಮಣ್ಣು, ಮಳೆ ಎಲ್ಲದರ ಮೇಲೂ ಪಿಎಚ್.ಡಿ. ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಹೊರಗಿನಿಂದ ಯಾರೂ ಬೀಗ ಹಾಕಬೇಕಿಲ್ಲ, ಒಳಗಿನಿಂದಲೇ ಚಿಲಕ ಹಾಕಿಕೊಂಡಿದ್ದಾರೆ. ಕೇಳಿದರೆ ಸಿದ್ಧ ಉತ್ತರವಿದೆ: ‘ನಾವು ಸಂಶೋಧಕರು. ವರದಿ ಕೊಡುವುದಷ್ಟೇ ನಮ್ಮ ಕೆಲಸ. ಅಭಿಪ್ರಾಯ ಹೇಳಿದರೆ ಅದು ರಾಜಕೀಯವಾಗುತ್ತದೆ.’

ಈ ಉತ್ತರಕ್ಕೆ ನಮ್ಮಲ್ಲಿ ಬಹಳ ಮರ್ಯಾದೆ. ಹೀಗೆ ಹೇಳುವವರನ್ನು ಪ್ರಬುದ್ಧರು, ತೂಕದ ಮನುಷ್ಯರು ಎನ್ನುತ್ತೇವೆ. ಸೆಮಿನಾರುಗಳಲ್ಲಿ ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಸಕರಿಗೆ ಈ ಉತ್ತರ ಇಷ್ಟ, ಅರಣ್ಯ ಇಲಾಖೆಗೆ ಇಷ್ಟ, ರೆಸಾರ್ಟ್ ಮಾಲೀಕರಿಗೆ ಇಷ್ಟ, ಕ್ವಾರಿ ಗುತ್ತಿಗೆದಾರರಿಗೆ ಇಷ್ಟ, ಕುಲಪತಿಗಳಿಗಂತೂ ಬಹಳವೇ ಇಷ್ಟ. ಇಷ್ಟು ಮಂದಿಗೆ ಏಕಕಾಲಕ್ಕೆ ಹಿತವಾಗುವ ನೀತಿಯ ಮೇಲೆ ಅನುಮಾನ ಬರಬೇಡವೇ? ಇದನ್ನು ಸಂಶೋಧನೆಯ ನೈತಿಕತೆ ಎಂದು ಕರೆಯುತ್ತಿದ್ದಾರೆ. ಇದು ಹೆದರಿಕೆ. ಬರೀ ಹೆದರಿಕೆಯಾಗಿದ್ದರೆ ಕ್ಷಮಿಸಬಹುದಿತ್ತು, ಹೆದರದವರು ಯಾರಿದ್ದಾರೆ? ಹೆದರಿಕೆಗೆ ಗುಣದ ವೇಷ ತೊಡಿಸಿ ಮೆರೆಸುತ್ತಿರುವುದನ್ನು ಮಾತ್ರ ಸಹಿಸಲಾಗದು.

ಮೊದಲಿಗೆ, ಈ ಮೌನವನ್ನು ನಾವು ಯಾವಾಗ ಕೇಳುತ್ತೇವೆ, ಯಾವಾಗ ಕೇಳುವುದಿಲ್ಲ ಎಂಬುದನ್ನು ನೋಡಿ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆಗೆ ಕೇಂದ್ರ ಕಟ್ಟಿತು. ಅದಕ್ಕೂ ಮುಂಚೆ, 1910ರ ಸುಮಾರಿಗೆ, ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಬೂಷ್ಟನ್ನು ಪತ್ತೆ ಹಚ್ಚಿ, ಬೋರ್ಡೊ ದ್ರಾವಣ ಹೊಡೆಯಿರಿ ಎಂದು ಮಲೆನಾಡಿಗೆ ಹೇಳಿಕೊಟ್ಟರು. ಇವತ್ತಿಗೂ ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಕೊನೆಗೆ ಹೊಡೆಸದ ತೋಟವಿಲ್ಲ. ಕೋಲ್‌ಮನ್ ರೋಗದ ಕಾರಣ ಬರೆದು ಸರ್ಕಾರಕ್ಕೆ ಒಪ್ಪಿಸಿ, ‘ಮದ್ದು ಹೊಡೆಯಬೇಕೋ ಬೇಡವೋ ಎಂಬುದು ನೀತಿಯ ಪ್ರಶ್ನೆ, ನಾನು ತಟಸ್ಥ’ ಎಂದು ಕೂತಿದ್ದರೆ? ಬಾಳೆಹೊನ್ನೂರಿನ ವಿಜ್ಞಾನಿ ಎಸ್. 795 ತಳಿ ನೆಡಿ ಎಂದಾಗ, ಬಿಳಿಕಾಂಡ ಕೊರಕ ಬಿದ್ದ ಗಿಡ ಕಿತ್ತು ಸುಡಿ ಎಂದಾಗ, ನೆರಳು ಇಷ್ಟಿರಲಿ ಎಂದಾಗ ನಾವು ಯಾರಾದರೂ ‘ನಿಮಗ್ಯಾಕೆ ಸ್ವಾಮಿ ನಮ್ಮ ತೋಟದ ಉಸಾಬರಿ’ ಎಂದಿದ್ದೇವೆಯೇ? ತೋಟಕ್ಕೇ ಬಂದು ಹೇಳಿ ಎಂದು ಜೀಪು ಕಳಿಸಿದ್ದೇವೆ.

ಅದೇ ವಿಜ್ಞಾನಿಯ ಪಕ್ಕದ ಕುರ್ಚಿಯವನು ‘ಈ ಇಳಿಜಾರಿನಲ್ಲಿ ಮಣ್ಣು ತೆಗೆಸಬೇಡಿ’ ಎಂದ ಕೂಡಲೇ ಅವನು ಎ.ಸಿ. ರೂಮಿನವನು, ವಿದೇಶಿ ದುಡ್ಡಿನವನು, ಮಲೆನಾಡಿನ ವೈರಿ. ಇಳುವರಿ ಹೆಚ್ಚಿಸುವ ವಿಜ್ಞಾನಕ್ಕೆ ಅಭಿಪ್ರಾಯವಿರಬಹುದು, ಆಸೆಗೆ ಅಡ್ಡ ಬರುವ ವಿಜ್ಞಾನ ಮಾತ್ರ ತಟಸ್ಥವಾಗಿರಬೇಕು. ಈ ವ್ಯವಸ್ಥೆಯನ್ನು ನೈತಿಕತೆ ಎಂದು ನಂಬಬೇಕೆ?

ಮುಳ್ಳಯ್ಯನಗಿರಿಯ ಕಡೆ ಹೋಗುವ ದಾರಿಯಲ್ಲಿ ಒಂದು ಜಾಗವಿದೆ. ಯಾರದ್ದೆಂದು ಹೇಳುವುದಿಲ್ಲ, ಅಂಥವು ಒಂದೆರಡಲ್ಲ. ಹೋಂಸ್ಟೇಗೆ ಸಮತಟ್ಟು ಬೇಕೆಂದು ಹಿಟಾಚಿ ತಂದು ಗುಡ್ಡದ ಬುಡವನ್ನು ನೆಟ್ಟಗೆ ಕೊಯ್ದಿದ್ದಾರೆ. ಆ ಧರೆಯ ಮುಂದೆ ನಿಂತರೆ ಗುಡ್ಡದ ಹೊಟ್ಟೆ ಕಾಣುತ್ತದೆ. ಮೇಲೆ ಮೊಳಕೈ ಉದ್ದ ಕಪ್ಪು ಮಣ್ಣು, ಅದರಲ್ಲಿ ಹುಲ್ಲಿನ ಬೇರು ಕೂದಲಿನ ಹಾಗೆ ಹೆಣೆದುಕೊಂಡಿದೆ. ಕೆಳಗೆ ಆಳೆತ್ತರದ ಕೆಂಪು ಹಳದಿ ಜೇಡಿ, ಬೆರಳಲ್ಲಿ ಒತ್ತಿದರೆ ಅಚ್ಚು ಮೂಡುತ್ತದೆ. ಅದರ ಅಡಿಗೆ ಹಾಸುಬಂಡೆ. ಜೇಡಿಯೂ ಬಂಡೆಯೂ ಕೂಡುವ ಗೆರೆಯಲ್ಲಿ ಬೇಸಗೆಯಲ್ಲೂ ಒರತೆ ಜಿನುಗುತ್ತಿತ್ತು. ಮಣ್ಣಿನ ವಿಷಯ ಬಲ್ಲ ಯುವಕರೊಬ್ಬರು ಜೊತೆಗಿದ್ದರು. ಆ ಒರತೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ಇದು ನಿಲ್ಲಲ್ಲ ಸಾರ್. ನಾಲ್ಕು ದಿನ ಬಿಡದೆ ಹೊಡೆದರೆ ಬಂಡೆ ಮೇಲಿಂದ ಇಡೀ ಮಣ್ಣು ಜಾರಿ ಬರುತ್ತೆ’ ಎಂದರು. ಬರೆಯಲೇ ಎಂದೆ. ‘ಬರೀರಿ ಸಾರ್, ನನ್ನ ಹೆಸರು ಮಾತ್ರ ಬೇಡ. ಪರ್ಮಿಷನ್ ರಿನ್ಯೂವಲ್‌ಗೆ ಹಾಕಿದ್ದೀನಿ.’

ಆ ಧರೆಯ ಮೇಲುಗಡೆ ತೋಟದ ಕಾರ್ಮಿಕರ ನಾಲ್ಕು ಲೈನ್ ಮನೆಗಳಿವೆ. ಅಲ್ಲಿ ಮಲಗುವವರಿಗೆ ಯಾರು ಹೇಳಬೇಕು? ಆ ಯುವಕನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಹಾಗೆ ಪಿಸುಗುಟ್ಟುವುದನ್ನು ಕಲಿಸಿದ ಹಿರಿಯರನ್ನು, ‘ಹುಷಾರಪ್ಪಾ, ಕಾಂಟ್ರವರ್ಸಿಗೆ ಹೋಗಬೇಡ’ ಎಂದು ಬೆನ್ನು ಸವರಿದ ಮಾರ್ಗದರ್ಶಕರನ್ನು ಕೇಳಬೇಕು.

ಇದು ಬರೀ ಊಹೆಯ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳು ಬಾಯಿ ಬಿಟ್ಟು ಇಳಿದವು. ಮನೆ ಹೋಯಿತು, ತೋಟ ಹೋಯಿತು, ಗದ್ದೆಯ ಮೇಲೆ ಕಲ್ಲು ಹೂಳು ಬಿದ್ದು ಹಾಳಾಯಿತು. ಜಲಸ್ಫೋಟ ಎಂದು ಜನ ಹೆಸರಿಟ್ಟರು, ದೇವರ ಕೋಪ ಎಂದರು, ಭೂಕಂಪ ಎಂದರು. ಕಾರಣ ಬಲ್ಲವರು ಬರಲಿಲ್ಲವೇ? ಬಂದರು, ಜೀಪಿನಿಂದಿಳಿದರು, ನೋಡಿದರು, ಮಾದರಿ ತೆಗೆದುಕೊಂಡರು, ವರದಿ ‘ಸಂಬಂಧಪಟ್ಟವರಿಗೆ’ ಹೋಯಿತು. ನೆಲ ಕಳೆದುಕೊಂಡವನಿಗಿಂತ ಹೆಚ್ಚು ಸಂಬಂಧ ಯಾರಿಗಿತ್ತು ಎಂದು ಯಾರೂ ಕೇಳಲಿಲ್ಲ. ಪರ್ಯಾಯ ಜಾಗಕ್ಕಾಗಿ ಆ ಜನ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದರು. ಒಬ್ಬ ತಜ್ಞನಾದರೂ ಅವರ ಜೊತೆ ಕಚೇರಿಯ ಮುಂದೆ ನಿಂತು, ‘ಈ ಜಾಗದಲ್ಲಿ ಮತ್ತೆ ಮನೆ ಕಟ್ಟಲಾಗದು ಎಂದು ನನ್ನ ವರದಿಯಲ್ಲಿದೆ, ಇವರಿಗೆ ಬೇರೆ ನೆಲ ಕೊಡಿ’ ಎಂದು ಹೇಳಿದ್ದರೆ ರಾಜಕೀಯವಾಗುತ್ತಿತ್ತೇನೋ. ಆಗಲಿ ಬಿಡಿ. ಹಾಗೆ ಹೇಳದೇ ಇದ್ದದ್ದೂ ರಾಜಕೀಯವೇ, ಗೆದ್ದವರ ಪರವಾದ ರಾಜಕೀಯ.

ಈಗ ದೊಡ್ಡ ಉದಾಹರಣೆಗೆ ಬರೋಣ. ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಕೇಂದ್ರದ ಪರಿಸರ ಸಚಿವಾಲಯ ಅದನ್ನು ಬಚ್ಚಿಟ್ಟಿತು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡಲಿಲ್ಲ. ಮಾಹಿತಿ ಆಯೋಗ ಕೊಡಿ ಎಂದರೆ ದೆಹಲಿ ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತ ಮೇಲೆ 2012ರ ಮೇನಲ್ಲಿ ವರದಿ ಹೊರಬಿತ್ತು. ಜನರ ತೆರಿಗೆಯಿಂದ ಜನರ ಗುಡ್ಡಗಳ ಬಗ್ಗೆ ಬರೆಸಿದ ವರದಿಯನ್ನು ಜನರಿಂದಲೇ ಮುಚ್ಚಿಡಲು ಸರ್ಕಾರ ವಕೀಲರನ್ನಿಟ್ಟು ಹೋರಾಡಿತು. ಪರಿಸರ ಸೂಕ್ಷ್ಮ ಪ್ರದೇಶದ ಗಡಿಯನ್ನು ಗ್ರಾಮಸಭೆಗಳ ಜೊತೆ ಕೂತು ತೀರ್ಮಾನಿಸಬೇಕು, ಮೇಲಿನಿಂದ ಹೇರಬಾರದು ಎಂಬ ಮಾತು ಅದರಲ್ಲಿತ್ತು. ಮುಚ್ಚಿಡಲು ಅದಕ್ಕಿಂತ ಬೇರೆ ಕಾರಣ ಬೇಕೆ?

ಬಳಿಕ ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಇನ್ನೊಂದು ತಂಡ. 2013ರ ಏಪ್ರಿಲ್‌ನಲ್ಲಿ ಅದರ ವರದಿ ಬಂತು. ಅದು ಗ್ರಾಮಸಭೆಯ ಗೋಜಿಗೆ ಹೋಗದೆ, ಉಪಗ್ರಹದ ಚಿತ್ರ ನೋಡಿ ಸೂಕ್ಷ್ಮ ಪ್ರದೇಶದ ಊರುಗಳ ಪಟ್ಟಿ ಮಾಡಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್, 1,576 ಹಳ್ಳಿ. ನಮ್ಮ ಜಿಲ್ಲೆಯವು 147. ಗಾಡ್ಗೀಳರು ಅದನ್ನು ವಿರೋಧಿಸಿ ಕಸ್ತೂರಿರಂಗನ್ ಅವರಿಗೆ ಬಹಿರಂಗ ಪತ್ರ ಬರೆದರು. ನನ್ನ ಆಕ್ಷೇಪಣೆಯೂ ಅಲ್ಲೇ ಇದೆ. ಆಕಾಶದಿಂದ ನೋಡಿದರೆ ಪಕ್ಷಪಾತವಿರದು, ಹತ್ತಿರ ಹೋದರೆ ರಾಜಕೀಯ ಅಂಟುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ ವರದಿ ಅದು. ಪರಿಣಾಮ? ಜನರಿಂದ ಅಷ್ಟು ದೂರ ನಿಂತ ವರದಿಯೇ ರಾಜಕಾರಣಿಗಳ ಕೈಯಲ್ಲಿ ಎಲ್ಲಕ್ಕಿಂತ ಸುಲಭದ ಗುಮ್ಮವಾಯಿತು.

ಆ ಗುಮ್ಮವನ್ನು ಹೇಗೆ ಬಳಸಿದರು ನೋಡಿ. ‘ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ. ದನ ಮೇಯಿಸುವ ಹಾಗಿಲ್ಲ. ಮನೆ ರಿಪೇರಿಗೂ ದೆಹಲಿಯ ಪರ್ಮಿಷನ್ ಬೇಕು. ಕೋಳಿ ಕೂಗುವ ಹಾಗಿಲ್ಲ.’ ಈ ಕಡೆಯದ್ದೂ ಆ ಕಡೆಯದ್ದೂ ಆದ ವೇದಿಕೆಗಳಲ್ಲಿ ಒಂದೇ ಭಾಷಣ. ವರದಿಯಲ್ಲಿ ನಿಷೇಧಿಸಿದ್ದೇನು? ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕಾರ್ಖಾನೆ, 20,000 ಚದರ ಮೀಟರ್ ಮೀರಿದ ಕಟ್ಟಡ, 50 ಹೆಕ್ಟೇರ್ ಮೀರಿದ ಟೌನ್‌ಶಿಪ್. ಇಪ್ಪತ್ತು ಸಾವಿರ ಚದರ ಮೀಟರ್ ಎಂದರೆ ಎರಡು ಲಕ್ಷ ಚದರ ಅಡಿಗೂ ಮೇಲೆ. ಕಳಸದ ಯಾವ ಹಸಲರ ಮನೆ ಅಷ್ಟಿದೆ? ಮೂಡಿಗೆರೆಯ ಯಾವ ಮೂರೆಕರೆ ಬೆಳೆಗಾರ ಉಷ್ಣ ವಿದ್ಯುತ್ ಸ್ಥಾವರ ಹಾಕಲು ಹೊರಟಿದ್ದಾನೆ? ನಿಷೇಧ ತಟ್ಟುತ್ತಿದ್ದದ್ದು ಯಾರಿಗೆ, ಬೀದಿಗಿಳಿದು ಕೂಗಿದ್ದು ಯಾರು? ಕ್ವಾರಿಯವನ ಪರವಾಗಿ ಕೂಲಿಯವನು ಧಿಕ್ಕಾರ ಕೂಗಿದ. ದೊಡ್ಡವರ ಭಯವನ್ನು ಬಡವರ ಬಾಯಲ್ಲಿ ಹೇಳಿಸುವ ಈ ಕಲೆಯಲ್ಲಿ ನಮ್ಮ ಪಕ್ಷಗಳನ್ನು ಮೀರಿಸುವವರಿಲ್ಲ. ಇದೇ ರಾಜ್ಯದಲ್ಲಿ ಒತ್ತುವರಿ ಮಾಡಿ ಕಾಫಿ ಹಾಕಿದ ಕಂದಾಯ ಭೂಮಿಯನ್ನು 25 ಎಕರೆಯ ತನಕ 30 ವರ್ಷ ಗುತ್ತಿಗೆಗೆ ಕೊಡಲು ಕಾನೂನನ್ನೇ ತಿದ್ದಿದರು. ಲೈನ್ ಮನೆಯವನಿಗೆ ನಿವೇಶನ ಕೇಳಿದರೆ ಮಾತ್ರ ಡೀಮ್ಡ್ ಫಾರೆಸ್ಟ್, ಸೆಕ್ಷನ್ 4 ಎಂದು ಕಡತ ತೋರಿಸುತ್ತಾರೆ.

ಒಂದು ಗ್ರಾಮಸಭೆಯಲ್ಲಿ ನಾನೂ ಕೂತಿದ್ದೆ. ಠರಾವು ಮೊದಲೇ ಟೈಪಾಗಿ ಬಂದಿತ್ತು. ಜೆರಾಕ್ಸ್ ಪ್ರತಿ. ‘ಕಸ್ತೂರಿರಂಗನ್ ವರದಿಯನ್ನು ಸಾರಾಸಗಟಾಗಿ ತಿರಸ್ಕರಿಸಿ ಈ ಸಭೆಯು ಸರ್ವಾನುಮತದಿಂದ’ ಎಂಬ ಸಾಲಿನ ಮೇಲೆ ಗ್ರಾಮ ಪಂಚಾಯಿತಿ ಎಂಬಲ್ಲಿ ಹೆಸರಿನ ಜಾಗ ಖಾಲಿ, ಚುಕ್ಕಿ ಚುಕ್ಕಿ. ಅಲ್ಲಿಗೆ ಪೆನ್ನಿನಲ್ಲಿ ನಮ್ಮ ಊರಿನ ಹೆಸರು ಬರೆದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು, ‘ಅದ್ರಲ್ಲಿ ಏನು ಬರ್ದಿದಾರೆ ಅಂತ ಒಂದ್ಸಲ ಓದ್ರಪ್ಪಾ’ ಎಂದಳು. ವರದಿ ಯಾರ ಹತ್ತಿರವೂ ಇರಲಿಲ್ಲ. ‘ಅಕ್ಕಾ, ಅದು ಇಂಗ್ಲಿಷಲ್ಲಿದೆ, ನಿಂಗೆ ತಿಳಿಯಲ್ಲ ಕೂತ್ಕೊ’ ಎಂದ ಸದಸ್ಯನಿಗೂ ಅದು ತಿಳಿದಿರಲಿಲ್ಲ. ಚಹಾ ಬಂತು, ಸಹಿ ಆಯಿತು. ಅರ್ಧ ಗಂಟೆಯಲ್ಲಿ ಒಂದೂರು ತನಗೆ ಗೊತ್ತಿಲ್ಲದ್ದನ್ನು ಸರ್ವಾನುಮತದಿಂದ ತಿರಸ್ಕರಿಸಿತು.

ಆ ಹೆಂಗಸಿನ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದವರು ಆಗ ಎಲ್ಲಿದ್ದರು? ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಂತಾರಾಷ್ಟ್ರೀಯ ಸಮ್ಮೇಳನಗಳಲ್ಲಿ, ಪಶ್ಚಿಮಘಟ್ಟದ ವಿನಾಶದ ಬಗ್ಗೆ ಸ್ಲೈಡುಗಳನ್ನು ತೋರಿಸುತ್ತಿದ್ದರು. 2014ರಿಂದ 2024ರ ತನಕ ಆರು ಬಾರಿ ಈ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರದ ಕರಡು ಅಧಿಸೂಚನೆ ಹೊರಟಿತು, ಆರನೆಯದಂತೂ ವಯನಾಡಿನ ದುರಂತದ ಮಾರನೇ ದಿನ. ಹತ್ತು ವರ್ಷದಲ್ಲಿ ಒಂದೂ ಅಂತಿಮವಾಗಲಿಲ್ಲ. ಕರ್ನಾಟಕದಲ್ಲಿ ಯಾವ ಪಕ್ಷ ಕುರ್ಚಿಯಲ್ಲಿದ್ದರೂ ಬೇಡ ಎಂದಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು. ಇಷ್ಟು ಕಾಲದಲ್ಲಿ ನಮ್ಮ ಕಡೆಯ ಒಂದು ಸಂತೆ ಮಾಳಕ್ಕೆ, ಒಂದು ಶಾಲೆಯ ಜಗುಲಿಗೆ ಬಂದು, ವರದಿಯ ಹತ್ತು ಪುಟವನ್ನು ಕನ್ನಡದಲ್ಲಿ ಓದಿ ಹೇಳಿದ ತಜ್ಞನನ್ನು ನಾನು ಕಂಡಿಲ್ಲ. ವರದಿಯಲ್ಲಿ ತಪ್ಪಿದ್ದರೆ ಅದನ್ನೂ ಜನರೆದುರೇ ಒಪ್ಪಿಕೊಳ್ಳಬಹುದಿತ್ತು. ನೆರಳಿನ ಕಾಫಿ ತೋಟ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ ಎಂಬ ಬೆಳೆಗಾರರ ತಕರಾರಿನಲ್ಲಿ ಹುರುಳಿತ್ತು. ಅದನ್ನು ತೋಟದಲ್ಲೇ ನಿಂತು ಬಗೆಹರಿಸಬಹುದಿತ್ತು. ಸತ್ಯ ಗೊತ್ತಿದ್ದವರು ಮನೆಯಲ್ಲಿ ಕೂತರು, ಗೊತ್ತಿಲ್ಲದವರು ಮೈಕು ಹಿಡಿದರು.

ಮೂಡಿಗೆರೆಯಲ್ಲೇ ಕೂತು ಲೇಖಕ ಪೂರ್ಣಚಂದ್ರ ತೇಜಸ್ವಿ ವಿಜ್ಞಾನವನ್ನು ಕನ್ನಡದ ಮನೆಮನೆಗೆ ತಂದರು. ಪ್ರತಿ ಸೆಪ್ಟೆಂಬರ್ 8ಕ್ಕೆ, ಅವರ ಹುಟ್ಟುಹಬ್ಬದಂದು, ಅವರ ಫೋಟೋಗೆ ಹಾರ ಹಾಕುವ ಕೈಗಳಲ್ಲಿ ಎಷ್ಟು ಕೈಗಳು ಆ ಜೆರಾಕ್ಸ್ ಠರಾವಿಗೂ ಸಹಿ ಹಾಕಿವೆಯೋ!

ಇನ್ನು ಸಂಶೋಧನೆಯ ನೈತಿಕತೆಯ ಬಗ್ಗೆ ಇವರೇ ಪಾಠ ಮಾಡುವುದರಿಂದ ಆ ಲೆಕ್ಕವನ್ನೂ ಚುಕ್ತಾ ಮಾಡೋಣ. ಮಳೆ ಶುರುವಾದರೆ ಕಪ್ಪೆ ಹುಡುಕುವವರು ಬರುತ್ತಾರೆ. ರಾತ್ರಿ ಹಳ್ಳದಲ್ಲಿ ಟಾರ್ಚು ಹಿಡಿಯಲು ಊರಿನ ಹುಡುಗ ಬೇಕು. ಯಾವ ಸದ್ದು ಎಲ್ಲಿಂದ ಬರುತ್ತದೆ, ಯಾವ ಮರದ ಪೊಟರೆಯಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತು. ಆನೆ ನಡೆದ ದಾರಿ ತೋರಿಸಲು ತೋಟದ ರೈಟರ್ ಬೇಕು, ಹುಲ್ಲಿನ ಹೆಸರು ಹೇಳಲು ಮಲೆಕುಡಿಯರ ಅಜ್ಜಿ ಬೇಕು. ಪ್ರಬಂಧ ವಿದೇಶದ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ, ದುಡ್ಡು ಕೊಟ್ಟವರಿಗೆ ಮಾತ್ರ ಓದಲು ಸಿಗುತ್ತದೆ. ಹುಡುಗನ ಹೆಸರು ಕೊನೆಯ ಕೃತಜ್ಞತೆಯಲ್ಲಿ, ಇದ್ದರೆ. ಆನೆ ಯಾಕೆ ಈ ದಾರಿ ಬಿಟ್ಟು ಆ ದಾರಿ ಹಿಡಿಯಿತು ಎಂದು ಸಂಶೋಧಕನಿಗೆ ಗೊತ್ತಾಗಿರುತ್ತದೆ. ಆ ದಾರಿಯಲ್ಲೇ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಗೊತ್ತಾಗಿರುವುದಿಲ್ಲ. ಕಾಡಿನಿಂದ ಏಲಕ್ಕಿ ಸಾಗಿಸಿದವರಿಗೂ ಇವರಿಗೂ ಏನು ವ್ಯತ್ಯಾಸ? ಅವರಾದರೂ ಬಂದದ್ದು ವ್ಯಾಪಾರಕ್ಕೆ ಎಂದು ಒಪ್ಪಿಕೊಂಡಿದ್ದರು. ಅನುಮತಿ ಪತ್ರ, ಒಪ್ಪಿಗೆ ಪತ್ರ, ನೈತಿಕ ಸಮಿತಿಯ ಮೊಹರು ಎಲ್ಲವೂ ಕ್ರಮವಾಗಿರುತ್ತವೆ. ತಿಳಿದದ್ದನ್ನು ತಿಳಿಸಿಕೊಟ್ಟವರಿಗೇ ವಾಪಸ್ ಹೇಳಬೇಕು ಎಂಬ ಮೊದಲ ನೀತಿ ಮಾತ್ರ ಯಾವ ಅರ್ಜಿಯ ನಮೂನೆಯಲ್ಲೂ ಬರುವುದಿಲ್ಲ.

ತಟಸ್ಥರೆಂದು ಹೇಳಿಕೊಳ್ಳುವ ಮತ್ತೊಂದು ಗುಂಪು ಪರಿಸರ ಪರಿಣಾಮದ ವರದಿ ಬರೆಯುವವರು. ನಮ್ಮ ದೇಶದಲ್ಲಿ ಆ ವರದಿಯನ್ನು ಯೋಜನೆ ಮಾಡುವವನೇ ದುಡ್ಡು ಕೊಟ್ಟು ಬರೆಸುತ್ತಾನೆ. ಅದು ವಿಜ್ಞಾನ, ಅದರಲ್ಲಿ ರಾಜಕೀಯವಿಲ್ಲ! ಪಕ್ಕದ ಸಕಲೇಶಪುರದ ಎತ್ತಿನಹೊಳೆ ನೀರಿನ ಯೋಜನೆಯನ್ನೇ ತೆಗೆದುಕೊಳ್ಳಿ. 24 ಟಿಎಂಸಿ ನೀರು ಸಿಗುತ್ತದೆ ಎಂದು ಯೋಜನೆ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ತಂಡದವರು ಲೆಕ್ಕ ಹಾಕಿ, ಸಿಗುವುದು 9.55 ಟಿಎಂಸಿ ಎಂದರು, ಬಹಿರಂಗವಾಗಿ, ಹೆಸರು ಹಾಕಿ. ಹದಿನಾಲ್ಕು ಟಿಎಂಸಿಗೂ ಹೆಚ್ಚಿನ ಅಂತರ. ಲೆಕ್ಕ ತಪ್ಪೆಂದು ಜನರ ಮುಂದೆ ತೋರಿಸಿಕೊಟ್ಟರೇ? ಕುಡಿಯುವ ನೀರಿನ ಯೋಜನೆ ಎಂಬ ಹಣೆಪಟ್ಟಿ ಹಚ್ಚಿ ಪರಿಸರ ಅನುಮತಿಯ ಹೊಸಿಲನ್ನೇ ತಪ್ಪಿಸಿದರು. ಮೊದಲು ಎಂಟು ಸಾವಿರ ಕೋಟಿ ಚಿಲ್ಲರೆ ಎಂದಿದ್ದ ವೆಚ್ಚ 23,251 ಕೋಟಿಗೆ ಏರಿತು. ಆ ವಿಜ್ಞಾನಿಯನ್ನು ಅಭಿವೃದ್ಧಿ ವಿರೋಧಿ ಎಂದವರಿಗೇನೂ ಬರವಿರಲಿಲ್ಲ. ಅವರ ಜೊತೆ ನಿಂತ ಸಹೋದ್ಯೋಗಿಗಳು ಎಷ್ಟು ಮಂದಿ? ಕಾರಿಡಾರಿನಲ್ಲಿ ‘ನೀವು ಹೇಳಿದ್ದು ಸರಿ’ ಎಂದವರನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಬಾಯಿ ಬಿಟ್ಟರೆ ವಿಜ್ಞಾನದ ಮೇಲಿನ ನಂಬಿಕೆ ಹೋಗುತ್ತದೆ ಎಂಬ ವಾದವನ್ನು ಕುದುರೆಮುಖಕ್ಕೆ ಹೋಗಿ ಹೇಳಿ. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಗುಡ್ಡವನ್ನು ಸರ್ಕಾರಿ ಕಂಪನಿ ಅಗೆಯಿತು. ಅದಿರಿನ ಕೆಸರು ಕೊಳವೆಯಲ್ಲಿ ಮಂಗಳೂರಿಗೆ ಹೋಯಿತು, ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಗಣಿ ಗುತ್ತಿಗೆ 1999ರಲ್ಲಿ ಮುಗಿದರೂ ಕೆಲಸ ನಿಲ್ಲಲಿಲ್ಲ. ನೌಕರಿ, ವಿದೇಶಿ ವಿನಿಮಯ, ದೇಶದ ಹಿತ, ಎಲ್ಲ ದೊಡ್ಡ ಮಾತುಗಳೂ ಕಂಪನಿಯ ಕಡೆಗಿದ್ದವು. ಎದುರಿಗೆ ಇದ್ದವರು ಯಾರು? ಮಳೆಗಾಲದ ಭದ್ರೆಯ ನೀರು ಹಿಡಿದು ಅದರಲ್ಲಿ ಎಷ್ಟು ಮಣ್ಣಿದೆ ಎಂದು ಅಳೆದ ಸಂಶೋಧಕರು, ತುಂಗಭದ್ರಾ ಉಳಿಸಿ ಎಂದು ನಡೆದ ಜನ, ನಾಗರಹೊಳೆಯ ನಿವೃತ್ತ ರೇಂಜರ್ ಕೆ.ಎಂ. ಚಿಣ್ಣಪ್ಪ ಅವರು ಟ್ರಸ್ಟಿಯಾಗಿದ್ದ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ. ಅಳೆದದ್ದನ್ನು ಕಪಾಟಿನಲ್ಲಿಡದೆ ನ್ಯಾಯಾಲಯಕ್ಕೆ ಕೊಟ್ಟರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಂತರೆ ದೇಶ ಮುಳುಗುತ್ತದೆ ಎಂದಿದ್ದರು, ದೇಶ ಮುಳುಗಲಿಲ್ಲ. ಭದ್ರೆಯ ನೀರಿನ ಮಣ್ಣನ್ನು ಅಳೆದವರು ‘ನಾವು ತಟಸ್ಥರು’ ಎಂದಿದ್ದರೆ ಇವತ್ತು ಕಳಸ, ಹೊರನಾಡಿನವರು ಯಾವ ಬಣ್ಣದ ಹೊಳೆ ನೋಡುತ್ತಿದ್ದರು? ಅವರ ವಿಜ್ಞಾನದ ಮೇಲಿನ ನಂಬಿಕೆ ಅದರಿಂದ ಹೋಯಿತೇ, ಹೆಚ್ಚಿತೇ?

ವಿಜ್ಞಾನಿಗಳಿಗೆ ಅನ್ನದ ಭಯವಿದೆ ಎಂಬುದು ನನಗೆ ಗೊತ್ತು. ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಇಲಾಖೆಯನ್ನು ಟೀಕಿಸಿದವನ ಕಡತ ಮೇಜಿನಿಂದ ಮೇಜಿಗೆ ನಿಧಾನವಾಗಿ ನಡೆಯುತ್ತದೆ. ಸರ್ಕಾರಿ ನೌಕರರ ನಡತೆ ನಿಯಮಗಳು ಸರ್ಕಾರವನ್ನು ಟೀಕಿಸಬೇಡ ಎನ್ನುತ್ತವೆ, ಅವನ್ನೇ ಪ್ರಾಧ್ಯಾಪಕರಿಗೂ ಹಚ್ಚುವ ಚಾಳಿ ಬೆಳೆದಿದೆ. 2023ರ ಜೂನ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಯುಎಪಿಎ ಕಾನೂನಿನ ಬಗ್ಗೆ ವಿದ್ಯಾರ್ಥಿಗಳು ಇಟ್ಟುಕೊಂಡಿದ್ದ ಚರ್ಚೆಯನ್ನು ಆಡಳಿತ ತಡೆಯಿತು. ದೇಶದ ಐನೂರಕ್ಕೂ ಹೆಚ್ಚು ವಿಜ್ಞಾನಿಗಳು, ವಿದ್ವಾಂಸರು ಖಂಡಿಸಿ ಪತ್ರಕ್ಕೆ ಸಹಿ ಹಾಕಿದರು. ಐನೂರು ಮಂದಿ ಒಟ್ಟಿಗೆ ಸಹಿ ಹಾಕಿದರೆ ಯಾರ ಕೆಲಸವನ್ನು ತೆಗೆಯುತ್ತಾರೆ? ಒಬ್ಬೊಬ್ಬರೇ ಹೆದರುವುದರಿಂದ ಭಯ ಉಳಿದಿದೆ. ಆ ಯುವಕ ಧರೆಯ ಮುಂದೆ ಒಬ್ಬನೇ ಇದ್ದ, ಆದ್ದರಿಂದ ಪಿಸುಗುಟ್ಟಿದ. ಅವನ ವಿಭಾಗದ ಹತ್ತು ಮಂದಿ ಒಂದೇ ಹಾಳೆಗೆ ಸಹಿ ಹಾಕಿ ಜಿಲ್ಲಾಧಿಕಾರಿಗೆ ಕೊಟ್ಟಿದ್ದರೆ?

ಇನ್ನೊಂದು ವಿಚಿತ್ರ. ಬಾಬಾಬುಡನ್‌ಗಿರಿಯ ಗುಹೆ ಯಾರದ್ದು ಎಂಬ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಅಭಿಪ್ರಾಯವಿಲ್ಲದವರಿಲ್ಲ. ದತ್ತ ಜಯಂತಿಯ ಹೊತ್ತಿಗೆ ಬೆಟ್ಟದ ತುಂಬ ಪೊಲೀಸರು, ಬ್ಯಾರಿಕೇಡು, ಘೋಷಣೆ, ಬಂದೋಬಸ್ತಿನ ಖರ್ಚು. ಸರ್ಕಾರಿ ದಾಖಲೆಯಲ್ಲಿ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂದೇ ಎರಡೂ ಹೆಸರು ಜೊತೆಗಿರುವ ಜಾಗದ ಬಗ್ಗೆ ಗಟ್ಟಿಯಾಗಿ ಬಾಯಿ ಬಿಡುವ ಇತಿಹಾಸಕಾರರು ಬೆರಳೆಣಿಕೆಯಷ್ಟು. ಅಲ್ಲೂ ಅದೇ ಮಂತ್ರ: ‘ನಾವು ಅಧ್ಯಯನ ಮಾಡುತ್ತೇವೆ, ಮಾತಾಡುವುದಿಲ್ಲ.’ ಗುಹೆಯ ಒಡೆತನಕ್ಕೆ ಇಷ್ಟು ಗದ್ದಲ, ಗುಹೆಯನ್ನು ಹೊತ್ತ ಗುಡ್ಡ ನಿಲ್ಲುತ್ತದೋ ಇಲ್ಲವೋ ಎಂಬುದಕ್ಕೆ ಯಾರಿಗೂ ಅಭಿಪ್ರಾಯವಿಲ್ಲ. ವಾರಾಂತ್ಯದ ವಾಹನಗಳಿಗೆ ಜಾಗ ಸಾಲದೆಂದು ರಸ್ತೆ ಅಗಲವಾಗುತ್ತದೆ, ಹುಲ್ಲುಗಾವಲಿನ ಅಂಚು ಕೊಯ್ದು ಪಾರ್ಕಿಂಗ್ ಆಗುತ್ತದೆ. ಶೋಲೆಯ ಹುಲ್ಲು ನೀರು ಹಿಡಿಯುವುದು ಹೇಗೆ ಎಂದು ಬರೆದವರ ಪ್ರಬಂಧಗಳು ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ.

ಆದ್ದರಿಂದ, ಬೇಕಾಗಿರುವುದನ್ನು ನೇರವಾಗಿ ಕೇಳುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು 1:50,000 ಅಳತೆಯಲ್ಲಿ ಮಾಡಿದೆ. ಆ ಅಳತೆಯಲ್ಲಿ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಬ್ಬನ ಮನೆ, ತೋಟ, ಹಿತ್ತಲಿನ ಧರೆ ಎಲ್ಲ ಒಂದು ಸಾಸಿವೆಯೊಳಗೆ. ಅದನ್ನು ಊರಿನವರ ಜೊತೆ ನಡೆದು, ಇದು ನಿಮ್ಮ ಹಳ್ಳ, ಇದು ನಿಮ್ಮ ಲೈನ್ ಮನೆ, ಇಲ್ಲಿ ಮಣ್ಣು ತೆಗೆಸಬೇಡಿ ಎಂದು ಬಿಡಿಸಿ ಹೇಳಬಲ್ಲವರು ಭೂವಿಜ್ಞಾನಿಗಳೇ ಹೊರತು ಪಿಡಿಒ ಅಲ್ಲ. ಹೇಳಿ. ಪಂಚಾಯಿತಿ ಗೋಡೆಯ ಮೇಲೆ ಕನ್ನಡದ ನಕ್ಷೆ ತೂಗಿ, ಕೆಳಗೆ ನಿಮ್ಮ ಹೆಸರು, ಫೋನ್ ನಂಬರು ಬರೆಯಿರಿ. ಹೋಂಸ್ಟೇಗೆ ಪರವಾನಗಿ ಕೊಡುವ ಮೊದಲು ಆ ನಕ್ಷೆ ನೋಡಿದಿರಾ ಎಂದು ಊರಿನವರು ಕೇಳಲಿ.

ವಿಶ್ವವಿದ್ಯಾಲಯಗಳೇ, ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳೇ, ಈ ಗುಡ್ಡಗಳಲ್ಲಿ ಕೆಲಸ ಮಾಡಿದವರು ಫಲಿತಾಂಶವನ್ನು ಕನ್ನಡದಲ್ಲಿ ಆಯಾ ಗ್ರಾಮಸಭೆಯ ಮುಂದೆ ಓದಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಪದವಿ ಕೊಡಿ, ಕೊನೆಯ ಕಂತು ಬಿಡುಗಡೆ ಮಾಡಿ. ಅಪಾಯ ಕಂಡು ಬಾಯಿ ಬಿಟ್ಟವನ ಅನುಮತಿ ನಿಲ್ಲಿಸಿದರೆ ಆ ಇಲಾಖೆಯ ಮೇಲೆ ಎಲ್ಲರೂ ಒಟ್ಟಾಗಿ ನ್ಯಾಯಾಲಯಕ್ಕೆ ಹೋಗಿ. ಶಾಸಕರೇ, ಸಂಸದರೇ, ವರದಿಯನ್ನು ವಿರೋಧಿಸುವುದು ನಿಮ್ಮ ಹಕ್ಕು. ಯಾವ ಪುಟದ ಯಾವ ಸಾಲನ್ನು ಎಂದು ಹೇಳಿ ವಿರೋಧಿಸಿ. ಕಾಫಿ ಬೆಳೆಗಾರರೇ, ಬಾಳೆಹೊನ್ನೂರಿಗೆ ಜೀಪು ಕಳಿಸಿದ ಹಾಗೆ ಮಣ್ಣಿನ ಪಂಡಿತನಿಗೂ ಕಳಿಸಿ, ಅವನು ನಿಮಗೆ ಹಿಡಿಸದ್ದನ್ನು ಹೇಳಿದರೂ ಕೂರಿಸಿ ಕೇಳಿ. ಟೈಪಾಗಿ ಬಂದ ಠರಾವಿಗೆ ಸಹಿ ಹಾಕಬೇಡಿ.

ಮುಂದಿನ ಮಳೆ ಹಿಡಿಯುವ ಮೊದಲೇ ಇದಾಗಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ತಾಲ್ಲೂಕಿನ ಗುಡ್ಡದ ಪಂಚಾಯಿತಿಗಳಲ್ಲಿ ಇದಕ್ಕೆಂದೇ ಜಿಲ್ಲಾಡಳಿತ ಸಭೆ ಕರೆಯಲಿ. ಅದು ಕರೆಯದಿದ್ದರೆ ಬೆಳೆಗಾರರ ಸಂಘ ಕರೆಯಲಿ, ತೋಟ ಕಾರ್ಮಿಕರ ಸಂಘ ಕರೆಯಲಿ. ಯಾರೂ ಕರೆಯದಿದ್ದರೆ ಸಂಶೋಧಕರು ಕರೆಯದೆಯೇ ಬರಲಿ. ಕಪ್ಪೆ ಹುಡುಕಲು ಬಂದಾಗ ಯಾರೂ ಕರೆದಿರಲಿಲ್ಲವಲ್ಲ.